ಇವತ್ತು ಮಾವನವರು ಎಷ್ಟು?

ನಮ್ಮ ಮನೆಗೆ ಯಾರೇ ಬರಲಿ, ಮಾವನವರು ಮೊದಲು ಊರು ಕೇಳುತ್ತಿದ್ದರು. ಆಮೇಲೆ ಓಣಿ, ಆಮೇಲೆ ಮನೆತನದ ಅಡ್ಡಹೆಸರು, ಕೊನೆಗೆ ಯಾರ ಪೈಕಿ ಅನ್ನುವುದು. ಇಷ್ಟು ತಿಳಿಯುವ ತನಕ ಬಂದವರಿಗೆ ಕುಡಿಯಲು ನೀರು ಸಿಗುತ್ತಿರಲಿಲ್ಲ. ಫೋನಿನ ತಂತಿಯಲ್ಲಿ ಇಂಟರ್ನೆಟ್ ಹಾಕಿಕೊಡಲು ನರಗುಂದದಿಂದ ಬಂದ ನೌಕರನೂ ಮೋಡೆಮ್ಮನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಬೇಕಾಯಿತು. ತಾಯಿಯ ತವರು ಸೂಡಿ ಅಂದಕೂಡಲೇ ಮಾವನವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತೆರೆದು, ಅವನ ಅಜ್ಜನ ಹೆಸರನ್ನು ತಾವೇ ಹೇಳಿದರು. ಅಜ್ಜ ಕುಂಟುತ್ತಿದ್ದದ್ದು ಯಾವ ಕಾಲಿನಿಂದ ಎಂಬುದನ್ನೂ ಹೇಳಿದರು. ಆ ಮನುಷ್ಯ ಗಾಬರಿಯಲ್ಲಿ ಮೋಡೆಮ್ಮನ್ನು ತಲೆಕೆಳಗು ಮಾಡಿ ಗೋಡೆಗೆ ಹೊಡೆದು ಹೋದ. ಅದು ಹಾಗೆಯೇ ವರ್ಷಗಟ್ಟಲೆ ಕೆಲಸ ಮಾಡಿತು.

ಅವರು ಅಂಚೆಯವರು. ಸೂಡಿಯಲ್ಲಿ ಕಾಗದ ಹಂಚುವುದರಿಂದ ಸುರು ಮಾಡಿ, ನರಗುಂದ, ಗಜೇಂದ್ರಗಡ ತಿರುಗಿ, ನಮ್ಮೂರು ರೋಣದಲ್ಲಿ ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಅವರ ಕಾಲದಲ್ಲಿ ಈ ಕಡೆಯ ಮನೆಗಳಿಗೆ ನಂಬರು ಇದ್ದರೂ ಅದು ಪಂಚಾಯತಿಯವರಿಗೆ ಮಾತ್ರ ಗೊತ್ತಿತ್ತು. ಕಾಗದ ಹೋಗುತ್ತಿದ್ದದ್ದು ಹೆಸರಿನ ಮೇಲೆ. ಒಮ್ಮೆ ‘ಬಸಪ್ಪ, ಯಾವಗಲ್’ ಎಂದಷ್ಟೇ ಬರೆದ ಲಕೋಟೆ ಬಂದಿತ್ತಂತೆ. ಯಾವಗಲ್ಲಿನಲ್ಲಿ ಬಸ್ಸಿನಿಂದ ಇಳಿದು ಬಸಪ್ಪಾ ಎಂದು ಕರೆದರೆ ಅರ್ಧ ಊರು ತಿರುಗಿ ನೋಡುತ್ತದೆ. ಮಾವನವರು ಲಕೋಟೆಯ ಮೇಲೆ ಹೊಡೆದ ಸೂಡಿ ಅಂಚೆಯ ಶಿಕ್ಕಾ ನೋಡಿ, ಸೂಡಿಗೆ ಮಗಳನ್ನು ಕೊಟ್ಟ ಬಸಪ್ಪ ಯಾರು ಎಂದು ನೆನಪು ಮಾಡಿಕೊಂಡು, ಆ ಮಗಳಿಗೆ ದಿನ ತುಂಬಿದ್ದನ್ನೂ ನೆನಪು ಮಾಡಿಕೊಂಡು, ಸಂಜೆಯೊಳಗೆ ಕಾಗದ ಮುಟ್ಟಿಸಿದರು. ಗಂಡು ಹುಟ್ಟಿತ್ತು. ಈ ಕಥೆಯನ್ನು ಕೇಳದೆ ನಮ್ಮ ಮನೆಯಲ್ಲಿ ಚಹಾ ಕುಡಿದವರಿಲ್ಲ. ಕಥೆಯ ಕೊನೆಯ ಮಾತೂ ಬದಲಾಗುತ್ತಿರಲಿಲ್ಲ: ‘ಹೆಸರಿದ್ರ ಸಾಕು, ಮನಷ್ಯಾ ಸಿಗಬೇಕು.’

ಅವರು ಹೋಗಿ ಈಗ ವರ್ಷವಾಗುತ್ತ ಬಂತು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ. ಆದರೆ ಇದರಲ್ಲಿ ಅವರ ಹೆಸರು ಬರುವುದಿಲ್ಲ. ಮುಚ್ಚಿಡುವ ಉದ್ದೇಶ ನನಗಿಲ್ಲ, ರೂಢಿ ಹಾಗಿದೆ. ನಮ್ಮ ಕಡೆ ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಅತ್ತೆಯವರ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. ಗಂಡನ ಹೆಸರೂ ಊರಬಾಗಿಲ ಅಗಸಿಯ ಹೊರಗಿನ ಗುಡಿಯ ದೇವರ ಹೆಸರೂ ಒಂದೇ ಆದದ್ದರಿಂದ, ಮದುವೆಯಾದ ಲಾಗಾಯ್ತು ಅವರು ಆ ದೇವರ ಹೆಸರನ್ನೂ ಬಿಟ್ಟಿದ್ದರು. ‘ಅಗಸಿ ಹೊರಗಿನಾವ’ ಎಂದೇ ಕೈಮುಗಿಯುತ್ತಿದ್ದರು. ದೇವರು ಅದಕ್ಕೆ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಬೇಸರ ಮಾಡಿಕೊಂಡವರು ಮಾವನವರು, ಅದೂ ಮುಪ್ಪಿನಲ್ಲಿ.

ಮೊದಲು ಅವರಿಗೆ ಅಂಥ ಕೊರತೆ ಇರಲಿಲ್ಲ, ಯಾಕೆಂದರೆ ಖಾದರಸಾಬ್ ಇದ್ದರು. ಪ್ಯಾಟಿಯಲ್ಲಿ ಸೈಕಲ್ ಅಂಗಡಿ ಇಟ್ಟವರು; ಮಾವನವರ ಜೊತೆ ಒಂದೇ ಸಾಲಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ದಿನಾ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ನಮ್ಮ ಮನೆಯ ಮುಂದೆ ನಿಂತು, ಮಾವನವರ ಹೆಸರನ್ನು ಬರಿಗೈಯಲ್ಲಿ, ಅಂದರೆ ಕೊನೆಗೆ ಅಪ್ಪ ಇಲ್ಲದೆ ರಾಯ ಇಲ್ಲದೆ, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಊರಿಗೆ ಅವರು ಪೋಸ್ಟ್ ಮಾಸ್ತರು, ಮಗನಿಗೆ ಅಪ್ಪ, ಮೊಮ್ಮಗನಿಗೆ ಅಜ್ಜ, ನನಗೆ ಮಾವ, ಅತ್ತೆಯವರಿಗೆ ‘ಇಲ್ಲಿ ಕೇಳ್ರಿ’. ಆ ಒಂದು ಕೂಗಿಗೆ ಮಾತ್ರ ಅವರು ಸಾಲಿಯ ಹುಡುಗನ ಹಾಗೆ ಧೋತರ ಎತ್ತಿಕೊಂಡು ಹೊರಗೆ ಓಡುತ್ತಿದ್ದರು.

ಖಾದರಸಾಬರನ್ನು ಮಣ್ಣು ಮಾಡಿ ಬಂದ ದಿನ ಮಾವನವರು ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತರು. ನಾನು ಚಹಾ ಕೊಡಲು ಹೋದಾಗ ನನ್ನ ಮುಖ ನೋಡದೆ ಹೇಳಿದರು:

‘ಹೆಸರ ಹಿಡದು ಕರಿಯಾವ ಒಬ್ಬನ ಉಳದಿದ್ದ ನೋಡವ್ವಾ. ಅಂವನೂ ಹ್ವಾದ. ಇನ್ನ ಈ ಹೆಸರ ಇಟ್ಕೊಂಡ ನಾ ಏನ್ ಮಾಡ್ಲಿ?’

ಏನು ಮಾಡಬೇಕೆಂದು ಮುಂದಿನ ತಿಂಗಳು ಅವರೇ ಕಂಡುಹಿಡಿದರು. ಕಂಪ್ಯೂಟರಿಗೆ ಇಟ್ಟರು.

ಆಗ ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರ್ ಇದ್ದವು. ಮುಂದಿನ ಕೋಣೆಯಲ್ಲಿ ನಮ್ಮ ಮನೆಯವರ ಝೆರಾಕ್ಸ್ ಅಂಗಡಿ. ಅಲ್ಲಿ ಟೈಪಿನ ಕೆಲಸ ನನ್ನದು. ನಾನು ಚಿಕ್ಕನರಗುಂದದವಳು, ಪಿಯುಸಿ ಆದಮೇಲೆ ನರಗುಂದಕ್ಕೆ ಹೋಗಿ ಟೈಪಿಂಗ್ ಕಲಿತದ್ದು ಲಗ್ನದ ಮಾತುಕತೆಯಲ್ಲಿ ನನ್ನ ಗುಣವಾಗಿ ಹೇಳಲ್ಪಟ್ಟಿತ್ತು. ಮಹಡಿಯ ಮೇಲೆ ಒಂದು ನನ್ನ ಮಗನದು. ಅವನು ಗದಗಿನಲ್ಲಿ ಡಿಪ್ಲೊಮಾ ಓದುತ್ತ ಅಲ್ಲೇ ಹಾಸ್ಟೆಲ್ಲಿನಲ್ಲಿ ಇರುತ್ತಿದ್ದ, ಶನಿವಾರ ನಸುಕಿನ ಬಸ್ಸಿಗೆ ಬಂದು ರವಿವಾರ ಸಂಜೆ ಹೋಗುತ್ತಿದ್ದ. ಮೂರನೆಯದು ಪಡಸಾಲೆಯಲ್ಲಿ, ಮಾವನವರದು. ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ತಮ್ಮ ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಅದರ ಹಣೆಗೂ ಎಳೆದು, ಆಮೇಲೆ ಗುಂಡಿ ಒತ್ತುತ್ತಿದ್ದರು. ಮೌಸನ್ನು ಮಾತ್ರ ಅವರು ಒತ್ತುತ್ತಿರಲಿಲ್ಲ, ಶಿಕ್ಕಾ ಹೊಡೆಯುತ್ತಿದ್ದರು. ಕೈ ಭುಜದ ತನಕ ಎತ್ತಿ ಹೊಡೆದ ಏಟಿಗೆ ಅಡಿಗೆಮನೆಯ ಹಲಗೆಯ ಮೇಲಿನ ಬಟ್ಟಲು ಗುಂಯ್ ಅನ್ನುತ್ತಿದ್ದವು.

ಮೂರನ್ನೂ ತಂತಿಯಿಂದ ಜೋಡಿಸಲು ಗಜೇಂದ್ರಗಡದಿಂದ ಮಹಾಂತೇಶ ಬಂದ. ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಶನಿವಾರ ರವಿವಾರ ಅವನ ಕ್ಲಾಸಿಗೆ ಜನ ಹೆಚ್ಚು, ಆದ್ದರಿಂದ ವಾರದ ನಡುವೆಯೇ ಬರುವವನು. ಪ್ರತಿ ಯಂತ್ರಕ್ಕೂ ಒಂದು ಹೆಸರು ಬೇಕು, ಒಂದು ಎರಡು ಮೂರು ಎಂದು ಇಟ್ಟುಬಿಡೋಣ ಅಂದ. ಮಾವನವರು ಅವನನ್ನು ಕೂರಿಸಿ, ಯಾರ ಪೈಕಿ ಎಂದು ಮತ್ತೊಮ್ಮೆ ವಿಚಾರಿಸಿ, ಅಂಥ ಮನೆತನದಲ್ಲಿ ಹುಟ್ಟಿದವನ ಬಾಯಲ್ಲಿ ಇಂಥ ಮಾತು ಬರಬಾರದೆಂದು ತಿಳಿಸಿದರು.

‘ನಂಬರ್ ಎತ್ತಿನ ಕಿವ್ಯಾಗ ಹೊಡೀತಾರ. ಇಲ್ಲಾ ಜೇಲಿನ್ಯಾಗ ಎದಿ ಮ್ಯಾಲ ಬರೀತಾರ. ಇದು ಮನಿ ಐತೋ ತಮ್ಮಾ.’

ಒಳಗೆ ಯಂತ್ರಗಳು ನಂಬರಿನಿಂದಲೇ ಗುರುತು ಹಿಡಿಯುತ್ತವೆ, ಹೆಸರು ನಮ್ಮ ಅನುಕೂಲಕ್ಕೆ, ಹೆಸರು ಹೇಳಿದಾಗ ಅದು ಯಾವ ನಂಬರು ಎಂದು ನಡುವೆ ಹುಡುಕಿಕೊಳ್ಳಬೇಕಾಗುತ್ತದೆ ಎಂದು ಮಹಾಂತೇಶ ವಿವರಿಸಲು ನೋಡಿದ. ಅಂದರೆ ಅದಕ್ಕೂ ಒಬ್ಬ ಪೋಸ್ಟಮನ್ ಬೇಕು ಅನ್ನು, ಎಂದು ಮಾವನವರು ಸಂತೋಷಪಟ್ಟರು. ಪಡಸಾಲೆಯ ಯಂತ್ರಕ್ಕೆ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರನ್ನೂ ಸೇರಿಸಿ ತಾವೇ ಒಂದೊಂದು ಅಕ್ಷರಕ್ಕೆ ಶಿಕ್ಕಾ ಹೊಡೆದರು. ಮುಂದಿನ ಕೋಣೆಯದಕ್ಕೆ ಅಂಗಡಿಯ ಹೆಸರಾಯಿತು. ಮಹಡಿಯದು ಬಂದ್ ಇತ್ತು; ಅದಕ್ಕೆ ಏನೋ ಹೆಸರು ಮೊದಲೇ ಇರುತ್ತದೆ ಬಿಡ್ರಿ ಎಂದು ಮಹಾಂತೇಶ ತಂತಿ ಮಾತ್ರ ಸಿಕ್ಕಿಸಿ ಇಳಿದು ಬಂದ.

ಆಮೇಲೆ ಮಾವನವರು ಇನ್ನೊಂದು ಕೆಲಸ ಮಾಡಿಸಿದರು. ನನ್ನ ಮಗ್ಗಲಲ್ಲಿದ್ದ ಪ್ರಿಂಟರನ್ನು ಎತ್ತಿಸಿ ಪಡಸಾಲೆಗೆ ತರಿಸಿ ತಮ್ಮ ಯಂತ್ರಕ್ಕೆ ಕಟ್ಟಿಸಿದರು. ಇನ್ನು ಮೇಲೆ ಯಾರೇ ಒಂದು ಹಾಳೆ ಹೊರಡಿಸಬೇಕಾದರೂ ಅವರ ಹೆಸರು ಬರೆದು ಅವರ ಯಂತ್ರವನ್ನು ಕರೆಯಬೇಕು. ದಿನಾ ಎಲ್ಲರಿಗಿಂತ ಹೆಚ್ಚು ಹಾಳೆ ಹೊರಡಿಸುವವಳು ನಾನು.

ಮೊದಲ ದಿನ ಅವರು ನನ್ನ ಹಿಂದೆ ಬಂದು ನಿಂತರು. ಅತ್ತೆಯವರು ಬಾಗಿಲಲ್ಲಿ ನಿಂತರು. ನಾನು ಬೆರಳುಗಳನ್ನು ಅಕ್ಷರಗಳ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ಬಾಯಲ್ಲಿ ಅನ್ನುವುದಕ್ಕೆ ರೂಢಿಯ ಅಡ್ಡಿ ಉಂಟು, ಬರೆಯುವುದಕ್ಕೆ ಇಲ್ಲ ಎಂದು ಮಾವನವರು ಇಲಾಖೆಯ ಸುತ್ತೋಲೆ ಓದುವ ಧಾಟಿಯಲ್ಲಿ ಹೇಳಿದರು. ಬೆರಳಿಗೆ ಬಾಯಿ ಇಲ್ಲವೇ ಎಂದು ಅತ್ತೆಯವರು ಕೇಳಿದರು. ಗಂಡನ ಹೆಸರನ್ನು ದೇವರಿಗೂ ಬಿಟ್ಟುಕೊಡದ ಹೆಂಗಸು ಬಾಗಿಲಲ್ಲಿ ನಿಂತಿರುವಾಗ ನಾನು ಯಾವ ಸುತ್ತೋಲೆಯನ್ನು ನಂಬಲಿ? ಸಂಜೆ ನಮ್ಮ ಮನೆಯವರು ಗುಟ್ಟಾಗಿ ಒಂದು ದಾರಿ ತೋರಿಸಿದರು. ಹೆಸರಿನ ಬದಲು ನಂಬರು ಬರೆದರೂ ಅದೇ ಯಂತ್ರ ಸಿಗುತ್ತದೆ. ಉದ್ದ ನಂಬರು, ಅದರಲ್ಲಿ ಕೊನೆಯದೊಂದು ಅಂಕಿ ನೆನಪಿಟ್ಟರೆ ಸಾಕು. ಆ ದಿನ ಮಾವನವರು ಮೂರು.

ತೊಡಕು ಏನೆಂದರೆ, ನಂಬರು ಹಂಚುವುದು ತಲೆಕೆಳಗಾದ ಆ ಮೋಡೆಮ್. ಕರೆಂಟು ಹೋಗಿ ಬಂದಾಗಲೆಲ್ಲ ಅದು ಹೊಸದಾಗಿ ಹಂಚುತ್ತಿತ್ತು. ಯಾರು ಮೊದಲು ಎದ್ದರೋ ಅವರಿಗೆ ಮೊದಲಿನದು, ಗದಗಿನ ಬಸ್ಸಿನ ಸೀಟಿನ ಹಾಗೆ. ರೋಣದಲ್ಲಿ ಕರೆಂಟು ಎಷ್ಟು ಸಲ ಹೋಗಿ ಬರುತ್ತಿತ್ತೆಂದು ಬರೆಯಲು ಹೋದರೆ ಇದು ಬೇರೆಯೇ ಬರಹವಾಗುತ್ತದೆ. ಹಾಗಾಗಿ ಗಿರಾಕಿ ಬಂದಾಗಲೆಲ್ಲ ನಾನು ಒಳಗಿದ್ದ ನಮ್ಮ ಮನೆಯವರನ್ನು ಕೂಗಿ ಕೇಳುವುದು ರೂಢಿಯಾಯಿತು: ಇವತ್ತು ಮಾವನವರು ಎಷ್ಟು? ನಾಲ್ಕು ಅನ್ನುತ್ತಿದ್ದರು. ಮಧ್ಯಾಹ್ನ ಎರಡಾಗಿರುತ್ತಿದ್ದರು. ಸೂಡಿಯಿಂದ ಅರ್ಜಿ ಬರೆಸಲು ಬಂದ ಒಬ್ಬ ಮುದುಕ ಈ ಸಂಭಾಷಣೆಯ ನಡುವೆ ಕೂತಿದ್ದವನು, ಹೋಗುವಾಗ ಸಂಕೋಚದಿಂದಲೇ ಕೇಳಿದ:

‘ತಪ್ಪ ತಿಳೀಬ್ಯಾಡವ್ವಾ. ಎಷ್ಟ ಮಂದಿ ಮಾವಂದಿರು ನಿನಗ?’

ಪಡಸಾಲೆಯಲ್ಲಿದ್ದ ಮಾವನವರಿಗೆ ಅದು ಕೇಳಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಒಂದೇ ರೊಟ್ಟಿಗೆ ಎದ್ದರು. ಅತ್ತೆಯವರು ಇನ್ನೊಂದು ಹಾಕಲು ಹೋದರೆ, ಎರಡನೇ ನಂಬರಿನ ಮನಷ್ಯಾಗ ಒಂದ ಸಾಕು, ಎಂದು ಕೈತೊಳೆದರು.

ಆಗಿನಿಂದ ತಮ್ಮ ಹೆಸರನ್ನು ತಾವೇ ಕರೆಯಲು ಸುರು ಮಾಡಿದರು. ದಿನಾ ಪೂಜೆ ಮುಗಿಸಿ, ತಮ್ಮ ಯಂತ್ರ ಎಬ್ಬಿಸಿ, ಮುಂದಿನ ಕೋಣೆಗೆ ಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂರುತ್ತಿದ್ದರು. ಕಪ್ಪು ಪರದೆ ತೆಗೆದು ಹೆಸರು ಬರೆದು ಕರೆಯುವುದನ್ನು ಮಹಾಂತೇಶನಿಂದ ಕಲಿತಿದ್ದರು. ಪಡಸಾಲೆಯಿಂದ ಜವಾಬು ಬಂದಾಗ ಅವರ ಮುಖ ಖಾದರಸಾಬರ ಕೂಗು ಕೇಳಿದ ಹಾಗೆ ಆಗುತ್ತಿತ್ತು. ಮತ್ತೆ ಒಂದು ಹಾಳೆಯನ್ನು ಹೆಸರಿನ ಮೇಲೆ ಕಳಿಸಿ, ತಾವೇ ಪಡಸಾಲೆಗೆ ಓಡಿ ಹೋಗಿ ಅದನ್ನು ಬರಮಾಡಿಕೊಳ್ಳುತ್ತಿದ್ದರು. ಒಬ್ಬ ಮನುಷ್ಯ ತನಗೆ ತಾನೇ ಕಾಗದ ಹಾಕಿ ತಾನೇ ತಂದುಕೊಡುವುದನ್ನು ನೋಡಿ ನಮ್ಮ ಗಿರಾಕಿಗಳು ಏನಂದುಕೊಂಡರೋ. ಅಂಚೆಯಲ್ಲಿದ್ದವರಿಗೆ ಅಭ್ಯಾಸ ಬಿಡುವುದಿಲ್ಲ ಅಂದುಕೊಂಡಿರಬಹುದು.

ಸೋಮವಾರದಿಂದ ಶುಕ್ರವಾರದ ತನಕ ಹಾಳೆ ಬರುತ್ತಿತ್ತು. ರವಿವಾರ ಅಂಗಡಿಗೆ ರಜೆ. ಶನಿವಾರ ಬರುತ್ತಿರಲಿಲ್ಲ. ಆ ಹೆಸರಿನಲ್ಲಿ ಪ್ರಿಂಟರು ಇಲ್ಲ, ಹೆಸರು ತಪ್ಪಾಗಿ ಬರೆದಿರಬಹುದು, ಸರಿ ನೋಡಿಕೊಳ್ಳಿ ಎಂದು ಯಂತ್ರ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

‘ನನ್ನ ಹೆಸರ ನನಗ ಬರಿಯಾಕ ಬರೂದಿಲ್ಲಂತ,’ ಅಂದರು ಮಾವನವರು. ಇಡೀ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಅವರಿಗೆ ಅಂಥ ಮಾತು ಅಂದಿರಲಿಲ್ಲ.

ಮಹಾಂತೇಶನನ್ನು ಕರೆಸಿದರು. ಅವನು ಬುಧವಾರ ಬಂದ. ನಂಬರಿನ ಮೇಲೆ ಕರೆದ, ಜವಾಬು ಬಂತು. ಹೆಸರಿನ ಮೇಲೆ ಕರೆದ, ಜವಾಬು ಬಂತು. ಹಾಳೆಯೂ ಬಂತು. ಎಲ್ಲಾ ಚಲೋ ಐತಲ್ರಿ ಎಂದು ಚಹಾ ಕುಡಿದು, ಯಾವಗಲ್ಲಿನ ಬಸಪ್ಪನ ಕಥೆ ಕೇಳಿ ಹೋದ. ಮತ್ತೆ ಶನಿವಾರ ಬಂತು, ಹಾಳೆ ಬರಲಿಲ್ಲ. ಇನ್ನೊಮ್ಮೆ ಬಂದ, ಈ ಸಲ ಮಂಗಳವಾರ. ತಂತಿ ಬದಲಿಸಿದ. ತಂತಿ ಚಲೋ ಇತ್ತು, ಹೊಸದೂ ಚಲೋ ಇತ್ತು. ನರಗುಂದದಲ್ಲಿ ಬ್ಯಾಟರಿ ಮಾರುವ ನಮ್ಮ ದೂರದ ನೆಂಟರೊಬ್ಬರು ಬಂದು ನೋಡಿ, ಇದು ಬ್ಯಾಟರಿಯ ತೊಂದರೆ ಅಂದರು. ಅವರಿಗೆ ಕಂಡ ತೊಂದರೆಗಳೆಲ್ಲ ಬ್ಯಾಟರಿಯವೇ. ಎದುರು ಮನೆಯವರು ಮಾತ್ರ ಹೊಸ ವಿಚಾರ ತಂದರು: ವಾರದಲ್ಲಿ ಶನಿವಾರವೇ ಯಾಕೆ? ಇದರಲ್ಲಿ ವಿದ್ಯುತ್ತಿನ ಮಾತು ಏನಿದೆ, ಶನಿಯ ಮಾತು. ಮಾವನವರು ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬಂದರು. ಮರುದಿನ ರಜೆಯಲ್ಲೂ ಕೂತು ನೋಡಿದರೆ ರವಿವಾರ ಕೂಡ ಹಾಳೆ ಬರಲಿಲ್ಲ. ಶನಿಯ ಪ್ರಭಾವ ಮರುದಿನದ ತನಕ ಚಾಚಿದೆ ಎಂದು ಎದುರು ಮನೆಯವರು ಸಮಾಧಾನ ಹೇಳಿದರು.

ನಿಜ ಹೇಳಬೇಕೆಂದರೆ ಉತ್ತರ ಅವರ ಕಣ್ಣ ಮುಂದೆಯೇ ಇತ್ತು. ಶನಿವಾರ ಕಪ್ಪು ಪರದೆಯಲ್ಲಿ ಹೆಸರು ಕರೆದರೆ ಜವಾಬು ಬರುತ್ತಿತ್ತು, ಆದರೆ ಅದರ ಮಗ್ಗಲಲ್ಲಿ ಕಾಣುವ ನಂಬರು ಪಡಸಾಲೆಯದಾಗಿರಲಿಲ್ಲ. ಮಾವನವರು ನಂಬರು ನೋಡುವವರಲ್ಲ, ಅದು ತತ್ವದ ಮಾತು. ಶನಿವಾರ ಅವರ ಯಂತ್ರ ಎದ್ದ ಕೂಡಲೇ ಮೂಲೆಯಲ್ಲಿ ಒಂದು ಸಣ್ಣ ಚೀಟಿಯೂ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಅವರು ಓದದೆ ಮುಚ್ಚುತ್ತಿದ್ದರು. ಮೇಲೆ ಯಾರಿಗೆ ಎಂದು ಬರೆದಿರದ ಕಾಗದವನ್ನು ಅಂಚೆಯವನು ಒಡೆದು ಓದುವುದು ಅಪರಾಧ. ಆ ಶಿಸ್ತಿನಲ್ಲಿ ಅವರು ಇಡೀ ಆಯುಷ್ಯ ಕಳೆದಿದ್ದರು.

ಕೊನೆಗೆ ಒಂದು ಶನಿವಾರ, ಹಾಳೆ ಬಾರದ ಸಿಟ್ಟಿಗೆ, ಮುಂದಿನ ಕೋಣೆಯಲ್ಲಿ ಕೂತು ತಮ್ಮ ಹೆಸರಿನ ಯಂತ್ರದ ಬಾಗಿಲನ್ನೇ ತೆರೆದು ಒಳಗೆ ಏನಿದೆ ನೋಡುತ್ತೇನೆಂದು ಹೊರಟರು. ಎತ್ತಿದ ಕೈ ಮೌಸಿನ ಮೇಲೆ ಇಳಿಯಿತು, ಬಾಗಿಲು ತೆರೆಯಿತು. ಒಳಗೆ ಅವರ ಪಿಂಚಣಿಯ ಕಾಗದಗಳಿರಬೇಕಿತ್ತು, ವಚನಗಳಿರಬೇಕಿತ್ತು. ಬದಲಿಗೆ ಸಿನಿಮಾ ಹಾಡುಗಳು, ಮೋಟಾರ್ ಸೈಕಲ್ಲಿನ ಚಿತ್ರಗಳು, ಮತ್ತು ಒಬ್ಬ ನಟಿ. ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಟಿ ಅಲ್ಲೇ ಇದ್ದಳು.

‘ಯವ್ವಾ,’ ಎಂದು ನನ್ನನ್ನು ಕರೆದರು. ‘ನನ್ನ ಹೆಸರಿನ್ಯಾಗ ಇಕಿ ಯಾರು?’

ರೊಟ್ಟಿ ಬಡಿಯುತ್ತಿದ್ದ ಅತ್ತೆಯವರು ಹಿಟ್ಟಿನ ಕೈಯಲ್ಲೇ ಬಂದರು. ನಟಿಯನ್ನು ನೋಡಿದರು, ಗಂಡನನ್ನು ನೋಡಿದರು, ಮಹಡಿಯ ಮೆಟ್ಟಿಲ ಕಡೆ ನೋಡಿದರು.

‘ಆ ಹೆಸರಿನವರು ಮನ್ಯಾಗ ಇಬ್ಬರ ಅದಾರಲ್ರಿ,’ ಅಂದರು. ‘ತೊಟ್ಟಲದಾಗ ಹಾಕಿದಾಗ ಇದ ಹೆಸರ ಆಗಬೇಕಂತ ಹಟಾ ಹಿಡದವರು ನೀವ.’

ಖರೇ ಮಾತು. ನಮ್ಮ ಕಡೆ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಇಟ್ಟ ಮರುದಿನದಿಂದ ಆ ಕೂಸಿನ ಅಜ್ಜಿಯೂ ತಾಯಿಯೂ ಆ ಹೆಸರು ಹೇಳುವಂತಿಲ್ಲ; ತಂದೆಗೆ ಅಪ್ಪನ ಹೆಸರು ಹಿಡಿದು ಮಗನನ್ನು ಬಯ್ಯಲು ನಾಲಿಗೆ ಏಳುವುದಿಲ್ಲ. ಹಾಗಾಗಿ ನನ್ನ ಮಗ ಪಾಪು. ಮೀಸೆ ಬಂದಿದ್ದರೂ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದವಾಗಿದ್ದರೂ ಪಾಪು. ಅವನಿಗೊಂದು ಹೆಸರಿದೆ ಎಂಬುದನ್ನೇ ನಾವು ಮರೆತಿದ್ದೆವು. ಮರೆಯದಿದ್ದವನು ಅವನೊಬ್ಬನೇ. ತನ್ನ ಯಂತ್ರಕ್ಕೆ ತನ್ನ ಪೂರ್ತಿ ಹೆಸರು ಇಟ್ಟುಕೊಂಡಿದ್ದ.

ಕೆಳಗೆ ಬಂದ ಪಾಪು ಪರದೆ ನೋಡಿ, ಮೊದಲು ನಟಿಯನ್ನು ಮುಚ್ಚಿ, ಆಮೇಲೆ ವಿಷಯ ಬಿಡಿಸಿ ಹೇಳಿದ. ಯಂತ್ರಗಳು ಹೆಸರಿನ ಮೊದಲ ಹದಿನೈದು ಅಕ್ಷರ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತವೆ. ಅಜ್ಜನ ಹೆಸರನ್ನೂ ಮೊಮ್ಮಗನ ಹೆಸರನ್ನೂ ಬೇರೆ ಮಾಡುವುದು ನಡುವಿನ ತಂದೆಯ ಹೆಸರು. ಇಷ್ಟುದ್ದದ ಹೆಸರಿನಲ್ಲಿ ಅದು ಕತ್ತರಿಯ ಆಚೆಗೆ ಬೀಳುತ್ತದೆ. ಉಳಿದದ್ದು ಎರಡರಲ್ಲೂ ಒಂದೇ. ಶನಿವಾರ ಅವನು ಬಂದವನೇ ಹಾಡು ಹಚ್ಚುತ್ತಾನೆ. ಅಜ್ಜ ಪೂಜೆ ಮುಗಿಸಿ ಬರುವ ಹೊತ್ತಿಗೆ ಹೆಸರು ಅವನ ಪಾಲಾಗಿರುತ್ತದೆ. ಮೊದಲು ಬಂದವರಿಗೆ ಹೆಸರು, ಆಮೇಲೆ ಬಂದವರಿಗೆ ಮೂಲೆಯಲ್ಲಿ ಚೀಟಿ. ನನ್ನಪ್ಪನ ಹೆಸರ ಕತ್ತರಿಸಾಕ ಇವು ಯಾರು ಎಂದು ಮಾವನವರು ಸ್ವಲ್ಪ ಹೊತ್ತು ಹಾರಾಡಿದರು. ಶನಿದೇವರ ಮೇಲಿನ ಆಪಾದನೆ ಅಲ್ಲಿಗೆ ಬಿದ್ದುಹೋಯಿತು. ಎಳ್ಳೆಣ್ಣೆ ಮಾತ್ರ ವಾಪಸು ಬರಲಿಲ್ಲ.

ಇಬ್ಬರಲ್ಲಿ ಒಬ್ಬರು ಹೆಸರು ಬಿಡಬೇಕು. ನಮ್ಮ ಮನೆಯವರಿಗೆ ಇದು ಬಹಳ ಸರಳವಾಗಿ ಕಂಡಿತು. ಹಿರಿಯರದು ಹಿರಿಯರಿಗೆ ಇರಲಿ, ಮೇಲಿನದಕ್ಕೆ ಪಾಪು ಎಂದು ಇಡೋಣ ಅಂದರು. ಅತ್ತೆಯವರು ತಲೆಯಾಡಿಸಿದರು. ನಾನೂ ಆಡಿಸಿದೆ. ಪಾಪು ಮಾತ್ರ ನೆಲ ನೋಡುತ್ತ ನಿಂತಿದ್ದ. ಅವನು ಹಿರಿಯರಿಗೆ ಎದುರು ಮಾತಾಡುವವನಲ್ಲ.

‘ಕಾಲೇಜಿನ್ಯಾಗ ರೋಲ್ ನಂಬರ್ ಕರೀತಾರ. ಮನ್ಯಾಗ ಪಾಪು ಅಂತೀರಿ,’ ಅಂದ. ‘ನನ್ನ ಹೆಸರ ಯಾರ ಬಾಯಾಗೂ ಇಲ್ಲಜ್ಜಾ. ಆ ಮಶೀನಿಗಾದ್ರೂ ಇರಲಿ ಅಂತ ಇಟ್ಟಿದ್ದೆ.’

ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದರೂ ಅತ್ತೆಯವರು ಕದಲಲಿಲ್ಲ. ಮಾವನವರು ಮೊಮ್ಮಗನನ್ನು ಬಹಳ ಹೊತ್ತು ನೋಡಿದರು. ಹೊಸ್ತಿಲಲ್ಲಿ ನಿಂತ ಹೊಸಬರನ್ನು ನೋಡುವ ಹಾಗೆ ನೋಡಿದರು, ಆದರೆ ಊರು ಕೇಳಲಿಲ್ಲ. ಎದ್ದು ಪಡಸಾಲೆಗೆ ಹೋಗಿ ತಮ್ಮ ಯಂತ್ರದ ಮುಂದೆ ಕೂತರು. ನಾವು ಹಿಂದೆ ಹೋದೆವು. ಹೆಸರು ಬದಲಿಸುವ ಜಾಗವನ್ನು ಪಾಪುವೇ ತೋರಿಸಿದ. ಖಾದರಸಾಬರು ಹೋದಾಗಿನಿಂದ ಇಷ್ಟು ದಿನ ಹಿಡಿದುಕೊಂಡಿದ್ದ ಹೆಸರನ್ನು ಅವರು ಒಂದೊಂದೇ ಅಕ್ಷರವಾಗಿ ಅಳಿಸಿದರು. ಶಿಕ್ಕಾ ಹೊಡೆಯಲಿಲ್ಲ, ಮೆಲ್ಲಗೆ ಒತ್ತಿದರು. ಜಾಗ ಖಾಲಿಯಾದ ಮೇಲೆ ಸ್ವಲ್ಪ ಯೋಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಮಾವ’ ಎಂದು ಬರೆದರು.

ಅಜ್ಜ ಎಂದು ಯಾಕೆ ಇಡಲಿಲ್ಲ, ಅಪ್ಪ ಎಂದು ಯಾಕೆ ಇಡಲಿಲ್ಲ ಎಂದು ನಮ್ಮ ಮನೆಯವರು ಕೇಳಿದರು.

‘ದಿನಾ ಕರಿಯಾಕಿ ಅಕಿ ಅಲ್ಲೇನ್ಲೇ?’ ಅಂದರು.

ನಾನು ಮುಂದಿನ ಕೋಣೆಗೆ ಹೋಗಿ ಆ ಹೆಸರು ಬರೆದು ಒಂದು ಹಾಳೆ ಕಳಿಸಿದೆ. ಒಂದೇ ಸಲಕ್ಕೆ ಹೋಯಿತು. ಅದು ಪಡಸಾಲೆಯಲ್ಲಿ ಹೊರಬಂದ ಸಪ್ಪಳವೂ, ಅತ್ತೆಯವರು ಅಡಿಗೆಮನೆಗೆ ಓಡಿದ ಸಪ್ಪಳವೂ ಕೂಡಿ ಕೇಳಿದವು.

ಆಮೇಲೆ ಕರೆಂಟು ಎಷ್ಟು ಸಲ ಹೋದರೂ ನಮಗೆ ತೊಂದರೆಯಾಗಲಿಲ್ಲ. ನಂಬರು ತನ್ನ ಪಾಡಿಗೆ ಬದಲಾಗುತ್ತಿತ್ತು, ಮಾವ ಮಾವನಾಗಿಯೇ ಸಿಗುತ್ತಿದ್ದರು. ನಾನು ಕಳಿಸಿದ ಹಾಳೆಗಳನ್ನು ಅವರು ತಾವೇ ಎತ್ತಿಕೊಂಡು ಮುಂದಿನ ಕೋಣೆಗೆ ತಂದು, ಮೇಲಿನ ಹೆಸರು ಓದಿ, ಗಿರಾಕಿಯನ್ನು ಗುರುತಿಸಿ ಕೈಗೆ ಕೊಡುತ್ತಿದ್ದರು. ಇಬ್ಬರು ಬಸಪ್ಪಂದಿರು ಒಟ್ಟಿಗೆ ಕೂತ ದಿನ ಅವರ ಉತ್ಸಾಹ ನೋಡಬೇಕಿತ್ತು. ಮತ್ತೆ ಶನಿವಾರದ ಒಂದು ಹೊಸ ರೂಢಿ ಬಂತು. ಊಟದ ಹೊತ್ತಿಗೆ ಮೆಟ್ಟಿಲ ಕೆಳಗೆ ನಿಂತು, ಕತ್ತೆತ್ತಿ, ಮೊಮ್ಮಗನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಮನೆಯಲ್ಲಿ ಆ ಹೆಸರು ಕೂಗಲು ಅಡ್ಡಿ ಇಲ್ಲದವರು ಅವರೊಬ್ಬರೇ. ಮೊದಲ ಸಲ ಕೂಗಿದಾಗ ಅತ್ತೆಯವರು ಸೆರಗು ಸರಿಮಾಡಿಕೊಂಡರು. ಪಾಪು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. ಹೀಗೆ ಆ ಹೆಸರು ಮನೆಯಲ್ಲಿ ಮತ್ತೆ ಕೇಳುವ ಹಾಗಾಯಿತು. ಅವರಿಗೆ ಮಾತ್ರ ಅದು ಇನ್ನೊಬ್ಬರ ಬಾಯಿಂದ ಕೇಳಿಸಲಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ, ಕೂಗುವವರೇ ಅವರಾಗಿದ್ದರಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಬಚ್ಚಲ ಬಾಗಿಲಲ್ಲಿ ಬಿದ್ದರು. ಬಿದ್ದಾಗಿನಿಂದ ಮಾತಿಲ್ಲ, ಬಲಗೈಗೆ ಸ್ವಾಧೀನವಿಲ್ಲ. ನಾನು, ನಮ್ಮ ಮನೆಯವರು ಗಾಡಿ ಮಾಡಿಸಿಕೊಂಡು ಗದಗಿಗೆ ಒಯ್ದೆವು. ಮಧ್ಯಾಹ್ನದ ಹೊತ್ತು, ದವಾಖಾನಿಯಲ್ಲಿ ಜನ ತುಂಬಿತ್ತು. ಮಾವನವರನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ಗೋಡೆಯ ಮಗ್ಗಲಿಗೆ ನಿಲ್ಲಿಸಿದರು. ನಮ್ಮ ಮನೆಯವರು ಔಷಧ ತರಲು ಓಡಿದರು. ಮೇಜಿನ ಹಿಂದಿದ್ದ ನರ್ಸ್ ಪೆನ್ನು ಹಿಡಿದು ಪೇಶಂಟಿನ ಹೆಸರು ಕೇಳಿದಳು.

ನಾನು ಅತ್ತಿತ್ತ ನೋಡಿದೆ. ಇಂಥ ಹೊತ್ತಿಗೆ ನಮ್ಮೂರಲ್ಲಾದರೆ ಮಗ್ಗಲಲ್ಲಿ ಇದ್ದವರು ಯಾರಾದರೂ ಹೇಳಿಬಿಡುತ್ತಾರೆ. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ, ಪಾಪು ಇನ್ನೂ ಬಂದು ಮುಟ್ಟಿರಲಿಲ್ಲ.

‘ನಮ್ಮ ಮಾವಾರ್ರಿ,’ ಅಂದೆ.

‘ನಿಮಗ ಮಾವಾರು. ಹೆಸರ ಹೇಳ್ರಿ.’

ಹೇಳಿದೆ. ನನ್ನ ಬಾಯಲ್ಲಿ ಅದು ನನಗೇ ಕೇಳಿಸಲಿಲ್ಲ.

‘ಜೋರ ಹೇಳ್ರೀ ಅಕ್ಕಾರ, ಈ ಗದ್ದಲದಾಗ ಕೇಳವಲ್ದು.’

ಜೋರಾಗಿ ಹೇಳಿದೆ. ಮೊದಲ ಅಕ್ಷರದಿಂದ ಕೊನೆಯ ತನಕ, ಹಿಂದೆ ಮುಂದೆ ಏನೂ ಹಚ್ಚದೆ. ಬೆಂಚಿನ ಮೇಲೆ ಕೂತವರು ತಿರುಗಿ ನೋಡಿದರು.

‘ಅದೀನ್ರಿ,’ ಅಂದಿತು, ಹಾಜರಿ ಕರೆದಾಗ ಓಗೊಡುವ ಹಾಗೆ, ಗೋಡೆಯ ಕಡೆಯಿಂದ ಒಂದು ದನಿ.

ತೊದಲುತ್ತಿತ್ತು, ಆದರೆ ತಪ್ಪಿಲ್ಲದೆ ತಿಳಿಯುವ ಹಾಗಿತ್ತು. ಮಾವನವರು ಕಣ್ಣು ತೆರೆದಿರಲಿಲ್ಲ. ಕರೆದವರು ಯಾರೋ ದೊಡ್ಡವರು ಎಂದು ತಿಳಿದಿದ್ದರೆಂದು ಕಾಣುತ್ತದೆ. ಬಾರದ ಕೈಯನ್ನು ಎತ್ತಲು ನೋಡಿದರು.

ನರ್ಸ್ ಹೆಸರು ಬರೆದುಕೊಂಡು, ವಯಸ್ಸು ಎಷ್ಟು ಎಂದು ಕೇಳಿದಳು. ನಾನು ಅವಳಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಹೆಸರನ್ನು ಇನ್ನೊಮ್ಮೆ ಹೇಳಿದೆ.